ಮಳೆಗಾಲದ ಘಟ್ಟದ ರಸ್ತೆಗೆ ಎಂಥ ಟೈರು ಹಾಕಿಸಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ವಾರಕ್ಕೆರಡು ಬಾರಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಕಾರಿನಲ್ಲಿ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆಯಾದರೂ ಆಗುಂಬೆ ಘಟ್ಟ ಇಳಿದು ಹೆಬ್ರಿಯವರೆಗೆ ಹೋಗುವ ಕೆಲಸ ಇರುತ್ತದೆ. ಟೈರುಗಳು 185/65 ಆರ್15 ಅಳತೆಯವು. ಕಾರು ಕೊಂಡಾಗ ಬಂದ ಟೈರುಗಳೇ ಈಗಲೂ ಇವೆ, 41,000 ಕಿಲೋಮೀಟರ್ ಓಡಿವೆ.

ಕಳೆದ ಗುರುವಾರ ಸಂಜೆ ಮಂಡಗದ್ದೆ ದಾಟಿ ಶಿವಮೊಗ್ಗದ ಕಡೆಗೆ ಬರುತ್ತಿದ್ದೆ. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು, ವೇಗ ಐವತ್ತೈದರ ಆಸುಪಾಸಿನಲ್ಲಿತ್ತು. ತಿರುವಿನಲ್ಲಿ ಹಸುವೊಂದು ರಸ್ತೆಗೆ ಇಳಿಯಿತು. ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ ಪೆಡಲ್ ಕಟಕಟನೆ ಅದುರಿತು, ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎ.ಬಿ.ಎಸ್. ತನ್ನ ಕೆಲಸ ಮಾಡಿತು, ಆದರೂ ಕಾರು ನಿಲ್ಲಲಿಲ್ಲ. ಹಸು ತಾನಾಗಿ ಹಿಂದೆ ಸರಿದದ್ದರಿಂದ ಅದು ಬದುಕಿತು. ಕಾರಿನ ಎಡಗಡೆಯ ಎರಡೂ ಚಕ್ರಗಳು ಡಾಂಬರು ಬಿಟ್ಟು ಕೆಮ್ಮಣ್ಣಿಗೆ ಇಳಿದು, ಚರಂಡಿ ಇನ್ನೊಂದು ಮೊಳ ದೂರವಿರುವಾಗ ನಿಂತವು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಮನೆ ಸೇರುವವರೆಗೆ ಅವರು ಒಂದು ಮಾತೂ ಆಡಲಿಲ್ಲ.

ಮರುದಿನ ಟೈರು ಅಂಗಡಿಗೆ ಹೋದರೆ ಅಲ್ಲಿಯವರು ಹೆಬ್ಬೆರಳ ಉಗುರನ್ನು ಗೀರಿನೊಳಗೆ ಇಟ್ಟು ನೋಡಿ, "ಇನ್ನೂ ಹತ್ತು ಸಾವಿರ ಆರಾಮಾಗಿ ಓಡುತ್ತದೆ, ಈಗಲೇ ಏಕೆ ದುಡ್ಡು ಹಾಕುತ್ತೀರಿ?" ಎಂದರು. ಅವರು ಮಾರುವವರಾಗಿದ್ದೂ ಬೇಡ ಎನ್ನುತ್ತಿರುವಾಗ ನಂಬುವುದೋ ಬಿಡುವುದೋ ತಿಳಿಯುತ್ತಿಲ್ಲ. ಈಗಲೇ ಬದಲಿಸಬೇಕೆ? ಬದಲಿಸುವುದಾದರೆ ನೆನೆದ ರಸ್ತೆಯಲ್ಲಿ ಹಿಡಿತ ಬಿಡದಂಥ ಟೈರು ಯಾವುದು? ಬಹಳ ವರ್ಷ ಬಾಳಿಕೆ ಬರಬೇಕೆಂಬ ಆಸೆ ನನಗಿಲ್ಲ, ಬೇಕಾದಾಗ ಕಾರು ನಿಲ್ಲಬೇಕು, ಅಷ್ಟೆ.

ಘಟ್ಟದ ಗಾಡಿ
ಈಗಲೇ ಬದಲಿಸಿ. ಅಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಇದಕ್ಕೆ ಎರಡನೆಯ ಯೋಚನೆ ಬೇಡ.

ಬಿ.ಎಚ್. ರಸ್ತೆ
ಅಷ್ಟು ಅವಸರ ಬೇಡ. ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿಲಿಮೀಟರ್ ಉಳಿದಿರುವವರೆಗೆ ಟೈರು ಬಳಕೆಗೆ ಯೋಗ್ಯ. ಟೈರಿನ ಪಕ್ಕದಲ್ಲಿ ಟಿ.ಡಬ್ಲ್ಯು.ಐ. ಎಂದೋ ಸಣ್ಣ ತ್ರಿಕೋನದ ಗುರುತೋ ಇರುತ್ತದೆ. ಅದರ ನೇರಕ್ಕೆ ಗೀರಿನೊಳಗೆ ಸಣ್ಣ ದಿಂಡಿನಂತೆ ರಬ್ಬರು ಉಬ್ಬಿರುವುದು ಕಾಣುತ್ತದೆ. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದಾಗ ಬದಲಿಸಿದರೆ ಸಾಕು. ನಾನು ಇಪ್ಪತ್ತು ವರ್ಷದಿಂದ ಹಾಗೆಯೇ ಮಾಡಿಕೊಂಡು ಬಂದಿದ್ದೇನೆ, ಒಮ್ಮೆಯೂ ಜಾರಿಲ್ಲ.

ಯಂತ್ರಶಾಸ್ತ್ರ
ಬಿ.ಎಚ್. ರಸ್ತೆಯವರೇ, 1.6 ಎಂಬುದು ದಂಡ ಬೀಳದಿರುವ ಗಡಿ ಮಾತ್ರ, ಅಲ್ಲಿಯವರೆಗೂ ಹಿಡಿತ ಹಾಗೆಯೇ ಇರುತ್ತದೆ ಎಂಬ ಭರವಸೆಯನ್ನು ಯಾವ ಕಾನೂನೂ ಕೊಟ್ಟಿಲ್ಲ. ಒಣ ರಸ್ತೆಯಲ್ಲಿ ಓಡಿಸುವವರಿಗೆ ನಿಮ್ಮ ಮಾತು ಸರಿಹೋದೀತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ರಸ್ತೆಯಲ್ಲಿ ಲೆಕ್ಕ ಬೇರೆಯಾಗುತ್ತದೆ.

ಅಡಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಟೈರಿನ ಗೀರು ತೋಟದ ಬಸಿಗಾಲುವೆ ಇದ್ದ ಹಾಗೆ. ಕಾಲುವೆ ಆಳವಾಗಿದ್ದರೆ ಮರದ ಬುಡದಲ್ಲಿ ನೀರು ನಿಲ್ಲದೆ ಬಸಿದು ಹೋಗುತ್ತದೆ. ಹೂಳು ತುಂಬಿ ಕಾಲುವೆ ಮೇಲೆ ಬಂದರೆ ಬುಡವೆಲ್ಲ ಕೆಸರಾಗುತ್ತದೆ. ಈಗ ಅಂಕಿ ಹಾಕಿ ನೋಡೋಣ. ರಸ್ತೆಯ ಮೇಲೆ 3 ಮಿಲಿಮೀಟರ್ ನೀರು ನಿಂತಿದೆ, ಟೈರಿನ ಅಗಲ 185 ಮಿಲಿಮೀಟರ್, ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಂದರೆ ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತಿದೆ ಎನ್ನಿ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 12 ಲೀಟರು ಆಗುತ್ತದೆ. ಒಂದೊಂದು ಟೈರೂ ಪ್ರತಿ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಕೊಡ ನೀರನ್ನು ಗೀರಿನೊಳಗೋ ಪಕ್ಕಕ್ಕೋ ತಳ್ಳಬೇಕು. ಹೊಸ ಟೈರಿನ ಗೀರು ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಆಳವಿರುತ್ತದೆ. 2 ಮಿಲಿಮೀಟರಿಗೆ ಇಳಿದ ಟೈರಿಗೆ ಅಷ್ಟು ನೀರನ್ನು ಎತ್ತಿ ಹಾಕುವ ಜಾಗವೇ ಇರುವುದಿಲ್ಲ. ಜಾಗ ಸಿಗದ ನೀರು ಟೈರಿನ ಮುಂದೆ ಬೆಣೆಯ ಹಾಗೆ ಅಡಿಗೆ ನುಗ್ಗಿ ಚಕ್ರವನ್ನು ಎತ್ತುತ್ತದೆ. ಆಗ ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕ್ ಹಿಡಿಯುವುದಕ್ಕೆ ಅಡಿಯಲ್ಲಿ ರಸ್ತೆಯೇ ಇರುವುದಿಲ್ಲ.

ತುಂಗಾತೀರ ಅವರೇ, ಉಗುರಿನ ಅಳತೆಯನ್ನು ಬಿಡಿ. ಒಂದು ಬೆಂಕಿಕಡ್ಡಿಯ ಬರಿಯ ತುದಿಯನ್ನು ಗೀರಿನ ತಳಕ್ಕೆ ನೇರವಾಗಿ ಇಳಿಸಿ, ಮೇಲ್ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಸ್ಕೇಲಿನ ಮೇಲೆ ಸೊನ್ನೆಗೆ ಸರಿಯಾಗಿ ಇಟ್ಟು ನೋಡಿ. ದಿಂಡು ಉಬ್ಬಿರುವಲ್ಲಿ ಅಳೆಯಬೇಡಿ. ಒಂದೊಂದು ಟೈರಿನಲ್ಲೂ ಒಳಅಂಚು, ನಡು, ಹೊರಅಂಚು, ಹೀಗೆ ಮೂರು ಕಡೆ ಅಳೆದು ಇಲ್ಲಿ ಬರೆಯಿರಿ.

ಶರಾವತಿ ಹಿನ್ನೀರು
ಯಂತ್ರಶಾಸ್ತ್ರ ಅವರು ಹೇಳಿದ್ದು ಆಯನೂರು, ಕುಂಸಿ, ಆನಂದಪುರದ ಕಡೆಯ ನೇರ ರಸ್ತೆಗೆ ನೂರಕ್ಕೆ ನೂರು ಸರಿ. ಅಲ್ಲಿ ಗಾಡಿಗಳು ಎಂಬತ್ತರಲ್ಲಿ ಹೋಗುತ್ತವೆ, ತಗ್ಗಿನಲ್ಲಿ ನೀರು ನಿಂತಿರುತ್ತದೆ. ಆದರೆ ಪ್ರಶ್ನೆ ಕೇಳಿದವರು ಐವತ್ತೈದರಲ್ಲಿ ಇದ್ದರು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಂತೂ ಇಪ್ಪತ್ತರ ಮೇಲೆ ಯಾರೂ ಹೋಗುವುದಿಲ್ಲ. ಇಪ್ಪತ್ತರ ವೇಗದಲ್ಲಿ ಚಕ್ರ ನೀರಿನ ಮೇಲೆ ತೇಲುವುದಿಲ್ಲ. ಅಲ್ಲಿ ಜಾರಿಸುವುದು ಹಾವಸೆ, ಕೊಳೆತ ಎಲೆ, ಗುಡ್ಡದಿಂದ ಇಳಿದ ಕೆಂಪು ರಾಡಿ. ಗೀರು ಎಷ್ಟೇ ಆಳವಿದ್ದರೂ ಹಾವಸೆಯ ಮೇಲೆ ರಬ್ಬರು ಗಟ್ಟಿಯಾಗಿದ್ದರೆ ಪ್ರಯೋಜನವಿಲ್ಲ. ಮೆತ್ತಗಿನ, ಒಳ್ಳೆಯ ಮಿಶ್ರಣದ ರಬ್ಬರು ಬೇಕು. ಆದ್ದರಿಂದ ಗೀರಿನ ಆಳ ಒಂದನ್ನೇ ಹಿಡಿದುಕೊಳ್ಳುವುದು ಅರ್ಧ ಮಾತಾಗುತ್ತದೆ.

ಯಂತ್ರಶಾಸ್ತ್ರ
ಒಪ್ಪಿದೆ. ವೇಗ ಹೆಚ್ಚಿದ್ದು ನೀರು ನಿಂತಲ್ಲಿ ಆಳ ಮುಖ್ಯ, ವೇಗ ಕಡಿಮೆಯಿದ್ದು ಮೇಲ್ಮೈ ಜಾರುವಲ್ಲಿ ರಬ್ಬರಿನ ಮಿಶ್ರಣ ಮುಖ್ಯ. ಐವತ್ತೈದರಲ್ಲಿ ಸವೆದ ಟೈರು ಪೂರ್ತಿ ತೇಲದಿದ್ದರೂ ಮುಂಭಾಗ ನೀರಿನ ಮೇಲೆ, ಹಿಂಭಾಗ ರಸ್ತೆಯ ಮೇಲೆ ಇರುವ ಸ್ಥಿತಿಗೆ ಬರುತ್ತದೆ. ಅವರ ಕಾರಿಗೆ ಆದದ್ದು ಅದೇ ಇರಬೇಕು.

ಮಿಶ್ರಣದ ಬಗ್ಗೆ ಒಂದು ಮಾತು. ಹಿಂದೆ ಟೈರಿನ ರಬ್ಬರಿಗೆ ಬಲ ಕೊಡಲು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯನ್ನೇ ಹೆಚ್ಚಾಗಿ ಬೆರೆಸುತ್ತಿದ್ದರು. ಅದರ ಬಹುಪಾಲಿನ ಬದಲಿಗೆ ಸಿಲಿಕಾ ಬೆರೆಸಿದ ಕಾರಿನ ಟೈರನ್ನು ಮಿಶೆಲಿನ್ 1992ರಲ್ಲಿ ಮಾರುಕಟ್ಟೆಗೆ ತಂದಿತು. ನೆನೆದ ರಸ್ತೆಯ ಹಿಡಿತವನ್ನು ಬಿಟ್ಟುಕೊಡದೆ ಇಂಧನವನ್ನೂ ಉಳಿಸಲು ಸಿಲಿಕಾದಿಂದ ಸಾಧ್ಯವಾಯಿತು. ಇಂದು ಒಳ್ಳೆಯ ಕಂಪನಿಗಳೆಲ್ಲವೂ ಈ ದಾರಿ ಹಿಡಿದಿವೆ. ಸಿಲಿಕಾ ಇದೆಯೇ ಎಂದು ಕೇಳಿ ಕೊಳ್ಳುವುದು ತಪ್ಪಲ್ಲ.

ನಿವೃತ್ತ ಮೇಷ್ಟ್ರು
ರಬ್ಬರು ಗಟ್ಟಿಯಾಗುವ ವಿಚಾರ ಬಂದದ್ದರಿಂದ ನನ್ನ ಅನುಭವ ಹೇಳುತ್ತೇನೆ. ನನ್ನ ಕಾರು ಎಂಟು ವರ್ಷದಲ್ಲಿ ಓಡಿದ್ದು 18,000 ಕಿಲೋಮೀಟರ್ ಮಾತ್ರ. ಪೇಟೆ, ದೇವಸ್ಥಾನ, ಮೊಮ್ಮಕ್ಕಳ ಶಾಲೆ ಬಿಟ್ಟರೆ ಬೇರೆ ತಿರುಗಾಟವಿಲ್ಲ. ಟೈರಿನ ಗೀರು ಹೊಸದರಂತೆ ಆಳವಾಗಿತ್ತು, ನೋಡಿದವರೆಲ್ಲ ಭೇಷ್ ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಮೃಗಶಿರ ಮಳೆ ಶುರುವಾದ ಮೊದಲ ವಾರ, ಮನೆಯ ಮುಂದಿನ ಸಣ್ಣ ಇಳಿಜಾರಿನಲ್ಲಿ, ನಡೆಯುವವರ ವೇಗದಲ್ಲಿ ಇಳಿಯುತ್ತಿದ್ದ ಕಾರು ಬ್ರೇಕ್ ಒತ್ತಿದರೂ ಹಾಗೆಯೇ ಜಾರಿ ಕಾಂಪೌಂಡಿಗೆ ಮುಖ ಕೊಟ್ಟಿತು. ಕೆಳಗೆ ಯಾರಾದರೂ ಇದ್ದಿದ್ದರೆ ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ಆಮೇಲೆ ಬಗ್ಗಿ ನೋಡಿದೆ. ಟೈರಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲು ಸಾಲಾಗಿ ಇದ್ದವು. ಉಗುರು ಒತ್ತಿದರೆ ಹಳೆಯ ಟೈರಿನಲ್ಲಿ ಗುರುತೇ ಮೂಡಲಿಲ್ಲ, ಆಮೇಲೆ ಹಾಕಿಸಿದ ಹೊಸದರಲ್ಲಿ ಉಗುರು ಕಚ್ಚಿತು. ಬಿಸಿಲು, ಗಾಳಿ, ಕಾಲ ಮೂರೂ ಸೇರಿ ರಬ್ಬರನ್ನು ಒಣಗಿಸುತ್ತವೆ. ಕಿಲೋಮೀಟರು ಕಡಿಮೆಯೆಂದು ನೆಮ್ಮದಿಯಿಂದ ಇರಬೇಡಿ.

ಕೊಪ್ಪದ ಮಗಳು
ಮೇಷ್ಟ್ರೇ, ಟೈರಿನ ವಯಸ್ಸನ್ನು ತಿಳಿಯುವುದು ಹೇಗೆ? ನಾವು ಕಾರನ್ನೇ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೇವೆ.

ಅಲೈನ್‌ಮೆಂಟ್ ಅಂಗಡಿ
ಅದನ್ನು ನಾನು ಹೇಳುತ್ತೇನೆ ತಂಗಿ, ದಿನಾ ಇದೇ ಕೆಲಸದಲ್ಲಿ ಇರುವವನು. ಟೈರಿನ ಪಕ್ಕದಲ್ಲಿ ಡಿ.ಒ.ಟಿ. ಎಂದು ಶುರುವಾಗುವ ಉದ್ದನೆಯ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಕೆಲವು ಟೈರುಗಳಲ್ಲಿ ಈ ನಾಲ್ಕಂಕಿ ಒಂದೇ ಪಕ್ಕದಲ್ಲಿ ಇರುತ್ತದೆ, ಹೊರಗೆ ಕಾಣದಿದ್ದರೆ ಕಾರಿನಡಿ ಬಗ್ಗಿ ಒಳಪಕ್ಕ ನೋಡಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷ ತುಂಬಿದ್ದನ್ನು ಚೆನ್ನಾಗಿ ಕಂಡರೂ ತೆಗೆಯಬೇಕು ಎಂದು ಕಂಪನಿಗಳೇ ಹೇಳುತ್ತವೆ. ಮಲೆನಾಡಿನಲ್ಲಿ ಓಡಿಸುವವರಿಗೆ ಹತ್ತರವರೆಗೆ ಕಾಯಿರಿ ಎಂದು ನಾನು ಹೇಳುವುದಿಲ್ಲ. ಹೊಸ ಟೈರು ಕೊಳ್ಳುವಾಗಲೂ ಚಕ್ರಕ್ಕೆ ಏರಿಸುವ ಮೊದಲೇ ಈ ಅಂಕಿ ನೋಡಿ.

ಇನ್ನೊಂದು ಮಾತು. ತುಂಗಾತೀರ ಅವರಿಗೆ "ಇನ್ನೂ ಹತ್ತು ಸಾವಿರ" ಎಂದ ಅಂಗಡಿಯವರು ಮೋಸ ಮಾಡಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮಲ್ಲಿಗೆ ಬರುವ ಗಿರಾಕಿಗಳು ನೂರಕ್ಕೆ ತೊಂಬತ್ತು ಜನ "ಎಷ್ಟು ಸಾವಿರ ಓಡುತ್ತದೆ?" ಎಂದೇ ಕೇಳುತ್ತಾರೆ. "ಮಳೆಯಲ್ಲಿ ಎಷ್ಟು ದೂರದಲ್ಲಿ ನಿಲ್ಲುತ್ತದೆ?" ಎಂದು ಕೇಳಿದವರನ್ನು ನಾನು ಕಂಡದ್ದು ಬೆರಳೆಣಿಕೆ. ಕೇಳುವ ಪ್ರಶ್ನೆ ಎಂಥದ್ದೋ ಉತ್ತರವೂ ಅಂಥದ್ದೇ ಬಾಯಿಗೆ ಬರುತ್ತದೆ.

ಬಿ.ಎಚ್. ರಸ್ತೆ
ಬಹಳ ಓಡುವ ಟೈರಿಗೆ ಹಿಡಿತ ಕಡಿಮೆ ಎಂಬಂತೆ ಮಾತಾಡುತ್ತಿದ್ದೀರಿ, ಅದಕ್ಕೆ ಆಧಾರವೇನು? ನನ್ನ ಟೈರಿನ ಮೇಲೆ ಟ್ರೆಡ್‌ವೇರ್ 400, ಟ್ರ್ಯಾಕ್ಷನ್ ಎ ಎಂದು ಎರಡೂ ಅಚ್ಚಾಗಿದೆ. ಎರಡೂ ಒಟ್ಟಿಗೆ ಇರಬಹುದಲ್ಲ?

ಯಂತ್ರಶಾಸ್ತ್ರ
ಇರಬಹುದು, ಆದರೆ ಆ ಗುರುತು ಏನನ್ನು ಅಳೆಯುತ್ತದೆ ಎಂಬುದನ್ನು ಗಮನಿಸಿ. ಅದು ಅಮೆರಿಕದ ಪದ್ಧತಿ. ಟ್ರ್ಯಾಕ್ಷನ್‌ನಲ್ಲಿ ಎಎ, ಎ, ಬಿ, ಸಿ ಎಂದು ನಾಲ್ಕು ದರ್ಜೆ. ನೆನೆಸಿದ ಡಾಂಬರು ಮತ್ತು ಕಾಂಕ್ರೀಟ್ ಮೇಲೆ ಟೈರು ನೇರ ದಿಕ್ಕಿನಲ್ಲಿ ಬ್ರೇಕಿಗೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ತಿರುವಿನಲ್ಲಿ ಹಿಡಿತ ಹೇಗೆ, ನಿಂತ ನೀರಿನಲ್ಲಿ ತೇಲುತ್ತದೆಯೇ ಎಂಬುದು ಆ ಪರೀಕ್ಷೆಯಲ್ಲಿ ಇಲ್ಲ. ನಮ್ಮ ರಸ್ತೆಯಲ್ಲಿ ನೇರ ಎನ್ನುವುದು ಎಷ್ಟಿದೆ ನೀವೇ ಹೇಳಿ. ಟ್ರೆಡ್‌ವೇರ್ ಅಂಕಿ ಹೆಚ್ಚಿದ್ದಷ್ಟೂ ನಿಧಾನವಾಗಿ ಸವೆಯುತ್ತದೆ. ನಿಧಾನವಾಗಿ ಸವೆಯುವ ರಬ್ಬರು ಸಾಮಾನ್ಯವಾಗಿ ಗಟ್ಟಿ. ಬಾಳಿಕೆ, ಹಿಡಿತ, ಇಂಧನ ಉಳಿತಾಯ ಈ ಮೂರನ್ನೂ ಒಂದೇ ಟೈರಿನಲ್ಲಿ ಹೊಂದಿಸುವುದೇ ತಯಾರಕರಿಗೆ ದೊಡ್ಡ ಸವಾಲು, ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ.

ಐರೋಪ್ಯ ಒಕ್ಕೂಟದಲ್ಲಿ 2012ರಿಂದ ಟೈರಿಗೆ ಚೀಟಿ ಅಂಟಿಸುವ ಕಾನೂನಿದೆ, 2021ರ ಮೇ ತಿಂಗಳಿನಿಂದ ಅದನ್ನು ಪರಿಷ್ಕರಿಸಿ ನೆನೆದ ರಸ್ತೆಯ ಹಿಡಿತಕ್ಕೆ ಎ ಇಂದ ಇ ವರೆಗೆ ಐದು ದರ್ಜೆ ಮಾಡಿದ್ದಾರೆ. ಎಂಬತ್ತರ ವೇಗದಿಂದ ಬ್ರೇಕ್ ಹಾಕಿದರೆ ಒಂದು ದರ್ಜೆಗೂ ಅದರ ಕೆಳಗಿನ ದರ್ಜೆಗೂ ನಿಲ್ಲುವ ದೂರದಲ್ಲಿ ಮೂರರಿಂದ ಆರು ಮೀಟರ್ ವ್ಯತ್ಯಾಸ ಬರುತ್ತದೆ. ನಮ್ಮಲ್ಲಿ ಎ.ಐ.ಎಸ್.-142 ಎಂಬ ಮಾನದಂಡವನ್ನು ಕಡ್ಡಾಯ ಮಾಡುವ ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿತು. ಉರುಳುವಾಗಿನ ತಡೆ, ನೆನೆದಾಗಿನ ಹಿಡಿತ, ಸದ್ದು ಈ ಮೂರಕ್ಕೂ ಅದರಲ್ಲಿ ಮಿತಿಯಿದೆ. ಅದು ಪಾಸು ಫೇಲಿನ ಲೆಕ್ಕ, ಪಾಸಾದವರಲ್ಲಿ ಮೊದಲನೆಯವರು ಯಾರು ಎಂದು ಅದರಿಂದ ತಿಳಿಯುವುದಿಲ್ಲ.

ಹುಲಿಕಲ್ ದಾರಿ
ಅದೇ ಹೆಸರಿನ ಟೈರು ಬೇರೆ ದೇಶದಲ್ಲಿ ಬೇರೆ ಮಿಶ್ರಣದಲ್ಲಿ ಬರಬಹುದು. ಆದ್ದರಿಂದ ಯುರೋಪಿನ ಚೀಟಿ ನೋಡಿ ಇಲ್ಲಿ ಕೊಳ್ಳುವವರು ಎಚ್ಚರವಾಗಿರಬೇಕು.

ಅಡಕೆ ತೋಟ
ನಮ್ಮ ಮನೆಗೆ ಮುಖ್ಯ ರಸ್ತೆಯಿಂದ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಆರಿದ್ರ ಮಳೆ ಹಿಡಿದರೆ ದಾರಿಯೆಲ್ಲ ಕಲಸಿದ ಹಿಟ್ಟಿನ ಹಾಗೆ ಆಗುತ್ತದೆ. ಅಪ್ಪನ ಕಾಲದಲ್ಲಿ ಜೀಪಿನ ಹಿಂದಿನ ಚಕ್ರಕ್ಕೆ ಚೈನು ಕಟ್ಟಿ ಏರು ಹತ್ತಿಸುತ್ತಿದ್ದರು. ನಾನು ಕೆಸರಿಗೆಂದೇ ದೊಡ್ಡ ದೊಡ್ಡ ಗಟ್ಟಿಗಳಿರುವ ಮಡ್ ಟೈರು ಹಾಕಿಸಿದ್ದೇನೆ. ಕೆಸರಿನಲ್ಲೇ ಇಷ್ಟು ಕಚ್ಚುವ ಟೈರು ನೆನೆದ ಡಾಂಬರಿನಲ್ಲಿ ಇನ್ನೂ ಚೆನ್ನಾಗಿ ಕಚ್ಚಬೇಕಲ್ಲವೇ? ತುಂಗಾತೀರ ಅವರೂ ಅಂಥದ್ದನ್ನು ನೋಡಬಹುದು.

ಘಟ್ಟದ ಗಾಡಿ
ಖಂಡಿತ ಬೇಡ. ಮಡ್ ಟೈರಿನ ಗಟ್ಟಿಗಳ ನಡುವೆ ದೊಡ್ಡ ಸಂದುಗಳಿರುವುದು ಕೆಸರನ್ನು ಅಗೆದು ಹಿಂದಕ್ಕೆ ಎಸೆಯುವುದಕ್ಕೆ. ಡಾಂಬರಿಗೆ ಬಂದಾಗ ಆ ಸಂದುಗಳಿಂದಾಗಿ ರಸ್ತೆಗೆ ತಾಗುವ ರಬ್ಬರು ಕಡಿಮೆಯಾಗುತ್ತದೆ, ರಬ್ಬರೂ ಗಟ್ಟಿ ಜಾತಿಯದು. ನಾನು ಬಾಡಿಗೆಗೆ ಓಡಿಸುವ ಗಾಡಿಗೆ ಒಂದು ಮಳೆಗಾಲ ಅದನ್ನೇ ಹಾಕಿದ್ದೆ. ಮಾಸ್ತಿಕಟ್ಟೆಯಿಂದ ಹುಲಿಕಲ್ ಘಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲೂ ಹಿಂದಿನ ಚಕ್ರ ಸೊಂಟ ತಿರುಗಿಸಿದಂತೆ ಆಗುತ್ತಿತ್ತು. ಹತ್ತು ಭಾಗದಲ್ಲಿ ಒಂಬತ್ತು ಭಾಗ ಡಾಂಬರಿನ ಮೇಲೆ ಓಡುವವರು ಹೈವೇ ಟೈರನ್ನೇ ಹಾಕಬೇಕು. ನಿಮ್ಮ ಹಾಗೆ ದಾರಿ ಅರ್ಧ ಮಣ್ಣಿನದಾದರೆ ಎರಡಕ್ಕೂ ಒದಗುವ ಆಲ್ ಟೆರೇನ್ ಇದೆ, ಆದರೆ ಡಾಂಬರಿನಲ್ಲಿ ಬ್ರೇಕ್ ಹಾಕುವ ಅಂತರ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಅಡಕೆ ತೋಟ
ಹಿಂದಿನ ಚಕ್ರ ತಿರುಗುವುದು ನನಗೂ ಅನುಭವಕ್ಕೆ ಬಂದಿದೆ. ಗಾಡಿಯದೇ ದೋಷ ಎಂದುಕೊಂಡಿದ್ದೆ. ತಿಳಿಸಿದ್ದು ಒಳ್ಳೆಯದಾಯಿತು.

ಕೊಪ್ಪದ ಮಗಳು
ನಮ್ಮ ಮನೆಯವರು 185ರ ಬದಲು 205 ಅಗಲದ ಟೈರು ಹಾಕಿಸಿದರೆ ಹಿಡಿತ ಜಾಸ್ತಿಯಾಗುತ್ತದೆ ಎನ್ನುತ್ತಾರೆ. ಮಳೆಗೆ ಅದು ಸರಿಯೇ?

ಯಂತ್ರಶಾಸ್ತ್ರ
ಮಳೆಗೆ ಅದು ಉಲ್ಟಾ ಆಗುವ ಸಾಧ್ಯತೆಯೇ ಹೆಚ್ಚು. ಒಂದು ಚಕ್ರದ ಮೇಲೆ ಸುಮಾರು 250 ಕಿಲೋ ಭಾರ, ಒಳಗೆ 32 ಪಿ.ಎಸ್.ಐ. ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 110 ಚದರ ಸೆಂಟಿಮೀಟರ್, ಅಂದರೆ ನಿಮ್ಮ ಅಂಗೈಯಷ್ಟು. ಟೈರು ಅಗಲವಾದರೂ ಗಾಳಿ ಅಷ್ಟೇ ಇದ್ದರೆ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದರ ಆಕಾರ ಮಾತ್ರ ಅಡ್ಡಕ್ಕೆ ಅಗಲವಾಗಿ ಉದ್ದಕ್ಕೆ ಗಿಡ್ಡವಾಗುತ್ತದೆ. ಅಡ್ಡಕ್ಕೆ ಅಗಲವಾದಷ್ಟೂ ಎದುರಿಗೆ ಸಿಗುವ ನೀರು ಹೆಚ್ಚು. ಕಾರಿನ ಕಂಪನಿ ಹೇಳಿದ ಅಳತೆಯನ್ನೇ ಇಟ್ಟುಕೊಂಡು, ಉಳಿದ ಹಣವನ್ನು ಒಳ್ಳೆಯ ಮಿಶ್ರಣದ ಟೈರಿಗೆ ಹಾಕಲು ಹೇಳಿ.

ಶರಾವತಿ ಹಿನ್ನೀರು
ಗಾಳಿಯ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಕಡೆ ಮಳೆಗಾಲ ಬಂದ ಕೂಡಲೇ ಟೈರಿನ ಗಾಳಿಯನ್ನು ನಾಲ್ಕೈದು ಪಾಯಿಂಟ್ ಇಳಿಸುವ ರೂಢಿ ಇದೆ, ಟೈರು ಚಪ್ಪಟೆಯಾದರೆ ಹಿಡಿತ ಬರುತ್ತದೆ ಎನ್ನುತ್ತಾರೆ. ನನ್ನ ಭಾವನವರು ಇದನ್ನು ಬಿಟ್ಟುಕೊಡುವುದಿಲ್ಲ.

ಯಂತ್ರಶಾಸ್ತ್ರ
ನಿಮ್ಮ ಭಾವನವರಿಗೆ ಈ ಅಂಕಿಯನ್ನು ತೋರಿಸಿ. ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ, ನೀರು ನಿಂತ ರನ್‌ವೇಯಲ್ಲಿ ವಿಮಾನದ ಚಕ್ರ ತೇಲುವುದೇಕೆಂದು ಪರೀಕ್ಷೆ ನಡೆಸಿ, ತೇಲುವ ವೇಗ ಟೈರಿನೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ ಎಂದು ತೋರಿಸಿದರು. ಅವರ ಸೂತ್ರವನ್ನು ಕಾರಿಗೆ ಹಚ್ಚಿದರೆ 32 ಪಿ.ಎಸ್.ಐ. ಇದ್ದಾಗ ಗಂಟೆಗೆ ಸುಮಾರು 94 ಕಿಲೋಮೀಟರ್ ಬರುತ್ತದೆ, 26ಕ್ಕೆ ಇಳಿಸಿದರೆ ಸುಮಾರು 85. ಗೀರಿಗೆ ಹಿಡಿಸಲಾರದಷ್ಟು ನೀರು ನಿಂತಾಗಿನ ಅಂದಾಜು ಇದು. ಗಾಳಿ ಇಳಿಸಿದರೆ ತೇಲುವ ವೇಗವೂ ಇಳಿಯುತ್ತದೆ ಎಂಬುದು ಇಲ್ಲಿ ಮುಖ್ಯ. ಗಾಳಿ ಕಡಿಮೆಯಾದ ಟೈರಿನ ನಡುಭಾಗ ಒಳಕ್ಕೆ ಕುಸಿದು ಗೀರುಗಳು ಮುಚ್ಚಿಕೊಳ್ಳುತ್ತವೆ ಕೂಡ. ಗಾಳಿ ಇಳಿಸುವುದು ಮರಳಿನಲ್ಲಿ, ಕೆಸರಿನಲ್ಲಿ ಸಿಕ್ಕಿಕೊಂಡಾಗ ಮಾಡುವ ಉಪಾಯ, ಡಾಂಬರಿಗೆ ಅದನ್ನು ತರಬಾರದು.

ಅಲೈನ್‌ಮೆಂಟ್ ಅಂಗಡಿ
ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಬರೆದಷ್ಟು ಗಾಳಿ ಹಾಕಿಸಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಬೇಕು. ನೈಟ್ರೋಜನ್ ಬೇಕೇ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಮಾಮೂಲು ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡುವವರಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಬೆಂಕಿಕಡ್ಡಿಯಲ್ಲಿ ಅಳೆದೆ. ಮುಂದಿನ ಎರಡು ಟೈರುಗಳ ನಡುಭಾಗ ಎರಡು ಮಿಲಿಮೀಟರಿಗಿಂತ ಕೂದಲೆಳೆ ಮೇಲಿದೆ. ಎಡ ಮುಂದಿನದರ ಒಳಅಂಚಿನಲ್ಲಿ ಒಂದೂವರೆಯೂ ಇಲ್ಲ, ಅಲ್ಲಿ ದಿಂಡಿನ ಮಟ್ಟಕ್ಕೆ ಸವೆದು ಕೈಯಾಡಿಸಿದರೆ ನುಣ್ಣಗೆ ಸಿಗುತ್ತದೆ. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಟಾರ್ಚ್ ಹಾಕಿ ನೋಡಿದ ಮೇಲೇ ಅದು ಕಂಡದ್ದು. ಹಿಂದಿನ ಎರಡೂ ಮೂರು ಮಿಲಿಮೀಟರಿನ ಮೇಲಿವೆ. ಗಾಳಿ ನೋಡಿಸಿದರೆ ಮುಂದೆ 27 ಇತ್ತು, ಚೀಟಿಯಲ್ಲಿ 33 ಎಂದಿದೆ.

ಈಗ ಕೈಯಲ್ಲಿರುವ ಹಣಕ್ಕೆ ಎರಡೇ ಟೈರು ಬರುತ್ತವೆ. ಮುಂದಿನವೇ ಸವೆದಿರುವುದರಿಂದ ಹೊಸ ಎರಡನ್ನು ಮುಂದಕ್ಕೆ ಹಾಕಿಸಲೇ?

ಬಿ.ಎಚ್. ರಸ್ತೆ
ಒಳಅಂಚು ದಿಂಡಿನ ಮಟ್ಟಕ್ಕೆ ಬಂದಿದ್ದರೆ ನಾನು ಹೇಳಿದ ಕಾನೂನಿನ ಲೆಕ್ಕದಲ್ಲೂ ಆ ಟೈರು ಮುಗಿದಂತೆ. ನಾನು ಮೊದಲು ಬರೆದದ್ದನ್ನು ನಿಮ್ಮ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಹೊಸ ಎರಡನ್ನು ಮುಂದಕ್ಕೇ ಹಾಕಿಸಿ. ಎಂಜಿನ್ನು ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಅದೇ, ಬ್ರೇಕಿನ ಭಾರ ಬೀಳುವುದೂ ಅದರ ಮೇಲೇ.

ಹೊಸನಗರ ದಾದಿ
ದಯವಿಟ್ಟು ಹಾಗೆ ಮಾಡಬೇಡಿ. ನಾನು ಮೂರು ವರ್ಷದ ಹಿಂದೆ ಅದನ್ನೇ ಮಾಡಿದ್ದೆ.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಹೋಗುವಾಗ ರಿಪ್ಪನ್‌ಪೇಟೆ ರಸ್ತೆಯ ಬಲ ತಿರುವಿನಲ್ಲಿ ನೀರು ಹರಿಯುತ್ತಿತ್ತು. ಮುಂದಿನ ಹೊಸ ಟೈರುಗಳು ನೀರನ್ನು ಸೀಳಿಕೊಂಡು ಹೋದವು. ಸ್ಟಿಯರಿಂಗ್ ಗಟ್ಟಿಯಾಗಿಯೇ ಇದ್ದದ್ದರಿಂದ ಎಲ್ಲವೂ ಸರಿಯಿದೆ ಎಂದೇ ನಾನು ತಿಳಿದೆ. ಮರುಕ್ಷಣ ಕಾರಿನ ಹಿಂಭಾಗ ಎಡಕ್ಕೆ ಬೀಸಿತು, ನನ್ನ ಎದುರಿಗೆ ರಸ್ತೆಯ ಬದಲು ಬಲಗಡೆಯ ಅಕೇಶಿಯಾ ಮರಗಳ ಸಾಲು ಬಂತು. ಕಾರು ಅರ್ಧ ಸುತ್ತು ಹಾಕಿ, ಬಂದ ದಿಕ್ಕಿಗೆ ಮುಖ ಮಾಡಿ ನಿಂತಿತು. ಹಿಂದೆ ಬರುತ್ತಿದ್ದ ಹಾಲಿನ ಗಾಡಿಯವರು ದೂರದಲ್ಲೇ ನಿಲ್ಲಿಸಿದ್ದರಿಂದ ಉಳಿದೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯೋಚಿಸುವುದಕ್ಕೂ ಸಮಯ ಸಿಗುವುದಿಲ್ಲ.

ಯಂತ್ರಶಾಸ್ತ್ರ
ದಾದಿಯವರು ಬರೆದದ್ದೇ ಇದಕ್ಕೆ ಉತ್ತರ. ಎರಡೇ ಕೊಳ್ಳುವುದಾದರೆ ಹೊಸವು ಹಿಂದಕ್ಕೆ ಹೋಗಬೇಕು ಎಂದು ಟೈರು ತಯಾರಕರೇ ಹೇಳುತ್ತಾರೆ. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಸರಿಯುತ್ತದೆ, ಆಕ್ಸಿಲರೇಟರ್ ಬಿಟ್ಟು ವೇಗ ತಗ್ಗಿದಂತೆ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ಸುತ್ತುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನುರಿತವರಿಗೂ ಕಷ್ಟ. ತುಂಗಾತೀರ ಅವರ ಹಿಂದಿನ ಟೈರುಗಳು ಮೂರು ಮಿಲಿಮೀಟರಿನ ಮೇಲಿರುವುದರಿಂದ ಅವನ್ನು ಮುಂದಕ್ಕೆ ತಂದು, ಹೊಸವನ್ನು ಹಿಂದಕ್ಕೆ ಹಾಕಬಹುದು. ಆದರೆ ಈ ಮಳೆಗಾಲದಲ್ಲಿ ಅಷ್ಟು ಓಡಾಟವಿರುವವರು ಹೇಗಾದರೂ ಮಾಡಿ ನಾಲ್ಕನ್ನೂ ಹಾಕಿಸುವುದು ಮೇಲು ಎಂದೇ ನನ್ನ ಅಭಿಪ್ರಾಯ. ಮುಂದಕ್ಕೆ ಬಂದ ಮೂರು ಮಿಲಿಮೀಟರು ಪುಷ್ಯ, ಆಶ್ಲೇಷ ಮುಗಿಯುವ ಹೊತ್ತಿಗೆ ಇನ್ನಷ್ಟು ಇಳಿದಿರುತ್ತದೆ, ನಮ್ಮ ಮಳೆಗೆ ಮೂರಕ್ಕಿಂತ ಕಡಿಮೆ ಬೇಡ.

ಹುಲಿಕಲ್ ದಾರಿ
ಮೂರು ಮಿಲಿಮೀಟರಿಗೇ ಎಸೆಯಿರಿ ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲ ಟೈರೂ ಒಂದೇ ರೀತಿ ಸವೆಯುವುದಿಲ್ಲ. ಕೆಲವು ವಿನ್ಯಾಸಗಳಲ್ಲಿ ಗೀರು ತಳದವರೆಗೂ ಅಗಲ ಉಳಿಸಿಕೊಂಡಿರುತ್ತದೆ, ಕೆಲವುದರಲ್ಲಿ ಸವೆದಂತೆ ಇಕ್ಕಟ್ಟಾಗುತ್ತದೆ. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಮಾದರಿಯ ಕಾರು ಟೈರುಗಳನ್ನು ಸವೆದ ಸ್ಥಿತಿಯಲ್ಲೂ ನೆನೆದ ರಸ್ತೆಯ ಪರೀಕ್ಷೆಗೆ ಒಡ್ಡುವ ನಿಯಮ ಬಂದಿರುವುದು ಇದೇ ಕಾರಣಕ್ಕೆ. ಕೊಳ್ಳುವಾಗಲೇ ಗೀರು ತಳದಲ್ಲಿ ಎಷ್ಟು ಅಗಲವಿದೆ, ಸಣ್ಣ ಸೀಳುಗಳು ಎಷ್ಟು ಆಳಕ್ಕೆ ಇಳಿದಿವೆ ಎಂದು ನೋಡಿ.

ಯಂತ್ರಶಾಸ್ತ್ರ
ಅದು ನ್ಯಾಯವಾದ ಮಾತು. ಮೂರು ಎಂಬುದು ನಮ್ಮ ಮಳೆಗೆ ನಾನು ಇಟ್ಟುಕೊಂಡ ಎಚ್ಚರಿಕೆಯ ಗಡಿ. ಬೇಸಿಗೆ ಪೂರ್ತಿ ಎರಡೂವರೆಯಲ್ಲಿ ಓಡಿಸಿದರೂ ನನ್ನ ತಕರಾರಿಲ್ಲ, ಜೂನ್ ಬರುವ ಮೊದಲು ಬದಲಿಸಬೇಕು.

ತುಂಗಾತೀರ
ದಾದಿಯವರು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಅಮ್ಮ ತಾವು ಕೂಡಿಟ್ಟಿದ್ದರಲ್ಲಿ ಉಳಿದ ಎರಡಕ್ಕೆ ಹಣ ಕೊಡುತ್ತೇನೆ ಎಂದರು. ನಾಲ್ಕನ್ನೂ ಹಾಕಿಸುತ್ತೇನೆ. ಅಂಗಡಿಯಲ್ಲಿ ಈ ಅಳತೆಗೆ ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್, ಮಿಶೆಲಿನ್ ಪ್ರೈಮಸಿ, ಇನ್ನೊಂದು ಬಹಳ ಓಡುತ್ತದೆ ಎಂದು ಹೆಸರಾದ ಟೈರು ತೋರಿಸಿದ್ದಾರೆ. ಯಾವುದು?

ಘಟ್ಟದ ಗಾಡಿ
ಮೊದಲ ಎರಡರಲ್ಲಿ ಯಾವುದಾದರೂ ಸರಿ, ನೆನೆದ ರಸ್ತೆಯ ಬ್ರೇಕನ್ನು ಮುಂದಿಟ್ಟು ಮಾರುವ ಟೈರುಗಳವು. ಮೂರನೆಯದು ನಿಮಗೆ ಬೇಡ.

ಶರಾವತಿ ಹಿನ್ನೀರು
ಸಿಗುವವುಗಳಲ್ಲಿ ಹೊಸ ತಾರೀಖಿನದು ಯಾವುದೋ ಅದನ್ನು ತೆಗೆದುಕೊಳ್ಳಿ. ಎರಡು ವರ್ಷ ಗೋಡೌನಿನಲ್ಲಿ ಕುಳಿತ ದುಬಾರಿ ಟೈರಿಗಿಂತ ಮೂರು ತಿಂಗಳ ಹಿಂದೆ ಬಂದ ಮಧ್ಯಮ ಬೆಲೆಯದು ನನಗೆ ಇಷ್ಟ.

ಅಲೈನ್‌ಮೆಂಟ್ ಅಂಗಡಿ
ಲೋಡ್ ಇಂಡೆಕ್ಸ್ ಮತ್ತು ಸ್ಪೀಡ್ ಅಕ್ಷರ ಹಳೆಯದಕ್ಕಿಂತ ಕಡಿಮೆ ಇರಬಾರದು. 88ಎಚ್ ಎಂದಿದ್ದರೆ ಒಂದು ಟೈರು 560 ಕಿಲೋ ಹೊರಬಲ್ಲದು, 210ರ ವೇಗದವರೆಗೆ ತಾಳುತ್ತದೆ ಎಂದು ಅರ್ಥ. ಟೈರಿನ ಮೇಲೆ ಬಾಣದ ಗುರುತು ಇದ್ದರೆ ಚಕ್ರ ಅದೇ ದಿಕ್ಕಿಗೆ ಉರುಳಬೇಕು, ಔಟ್‌ಸೈಡ್ ಎಂದು ಬರೆದಿದ್ದರೆ ಆ ಪಕ್ಕ ಹೊರಗೆ ಬರಬೇಕು. ಅವಸರದಲ್ಲಿ ಉಲ್ಟಾ ಏರಿಸುವುದುಂಟು, ಬಾಣ ಉಲ್ಟಾ ಆದರೆ ನೀರನ್ನು ಹೊರಕ್ಕೆ ತಳ್ಳುವ ಗೀರು ಒಳಕ್ಕೆ ಎಳೆಯುತ್ತದೆ, ನಿಂತು ನೋಡಿ. ಎಡ ಮುಂದಿನದರ ಒಳಅಂಚು ಮಾತ್ರ ಸವೆದಿದೆ ಎಂದಿರಿ, ಅದು ಅಲೈನ್‌ಮೆಂಟ್ (ಚಕ್ರಗಳ ನೇರ) ತಪ್ಪಿದ ಲಕ್ಷಣ. ಅದನ್ನು ಸರಿಮಾಡಿಸದೆ ಹೊಸ ಟೈರು ಹಾಕಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗ ಮತ್ತೆ ನುಣ್ಣಗಾಗಿರುತ್ತದೆ.

ನಿವೃತ್ತ ಮೇಷ್ಟ್ರು
ಹೊಸ ಟೈರಿನ ಮೇಲ್ಮೈ ಅಚ್ಚಿನಿಂದ ಬಂದಾಗ ನುಣುಪಾಗಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಹಾಕಿಸಿದ ದಿನವೇ ಘಟ್ಟಕ್ಕೆ ಹೋಗಬೇಡಿ.

ತುಂಗಾತೀರ
ಇಂದು ಮಧ್ಯಾಹ್ನ ಅಂಗಡಿಗೆ ಹೋಗಿದ್ದೆ. ನಾಲ್ಕು ಟೈರುಗಳನ್ನು ಇಳಿಸಿ ಸಾಲಾಗಿ ನಿಲ್ಲಿಸಿದರು. ಮೂರರ ಮೇಲೆ ಈ ವರ್ಷದ ಅಂಕಿ ಇತ್ತು. ಒಂದರದು ಎರಡು ವರ್ಷ ಹಳೆಯದು, ಅದರ ಗೀರಿನಲ್ಲಿ ದೂಳು ಕುಳಿತು ಗಟ್ಟಿಯಾಗಿತ್ತು. ಅಂಗಡಿಯವರಿಗೆ ತೋರಿಸಿದಾಗ ಅವರು ವಾದ ಮಾಡದೆ ಬೇರೆ ತರಿಸಿಕೊಡುತ್ತೇನೆ ಎಂದರು, ಶನಿವಾರ ಬರುತ್ತದಂತೆ. ಅಲೈನ್‌ಮೆಂಟೂ ಅದೇ ದಿನ. ಅಲ್ಲಿಯವರೆಗೆ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಹಳೆಯದರಲ್ಲಿ ಚೆನ್ನಾಗಿರುವುದೊಂದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳಬಹುದೇ?

ಅಲೈನ್‌ಮೆಂಟ್ ಅಂಗಡಿ
ಸ್ಟೆಪ್ನಿ ಇನ್ನೂ ನೆಲ ಮುಟ್ಟದಿದ್ದರೆ ಅದನ್ನು ತೆಗೆಯಬೇಡಿ, ಆದರೆ ಅದರ ನಾಲ್ಕಂಕಿಯನ್ನೂ ನೋಡಿಸಿ, ಗಾಳಿಯನ್ನೂ ತುಂಬಿಸಿ. ಡಿಕ್ಕಿಯಲ್ಲಿರುವ ಟೈರಿನ ಗಾಳಿಯನ್ನು ಬಹಳ ಜನ ನೋಡುವುದೇ ಇಲ್ಲ.